ಬಹರೈನಿನಲ್ಲಿ ಕೂತುಬಿಟ್ಟ ಇಂಗ್ಲಿಷ್ ಕಾರು

ಬುಸೈತೀನ್

ಕಾರ್ಕಳದಲ್ಲಿ ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ಹೆಂಗಸು ನಾನು. ನಮ್ಮ ಕಡೆಯ ಟೀಚರುಗಳು, ನರ್ಸುಗಳು, ಕಂಟ್ರಾಕ್ಟರರ ಹೆಂಡತಿಯರು, ಎಲ್ಲರಿಗೂ ಕ್ಲಚ್ಚು ಬಿಡುವುದನ್ನು ಕಲಿಸಿದವಳು ನಾನೇ ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇದೆ. ಆ ಜಂಬ ಬಹರೈನಿನ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲೇ ಇಳಿಯಿತು. ತಮ್ಮ ಸದಾಶಿವ ನನ್ನ ಸಾಮಾನುಗಳನ್ನು ಡಿಕ್ಕಿಗೆ ತುಂಬುತ್ತಿದ್ದ. ನಾನು ಊರಿನ ಅಭ್ಯಾಸದಂತೆ ಎಡಬದಿಯ ಬಾಗಿಲು ತೆಗೆದು ಠೀವಿಯಿಂದ ಕೂತೆ. ನೋಡಿದರೆ ಎದುರಿಗೆ ಸ್ಟೇರಿಂಗು.

"ಅಕ್ಕ, ಇಳಿದ ಕೂಡ್ಲೇ ಕ್ಲಾಸ್ ಶುರು ಮಾಡುವುದಾ?" ಎಂದು ಅವನು ಕೇಳಿದ. ನಾನು ಇಳಿದು, ಸುತ್ತು ಹಾಕಿ, ಬಲಬದಿಗೆ ಹೋಗಿ ಕೂರುವ ತನಕ ಪಕ್ಕದ ಕಾರಿನ ಅರಬ್ ದಂಪತಿ ಪಾಪ ನಗು ತಡೆದುಕೊಂಡು ಆಕಾಶ ನೋಡುತ್ತಿದ್ದರು.

ನನ್ನ ತರಬೇತಿ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕು ಇರುತ್ತದೆ. ಹಾಗಾಗಿ ಯಾರ ಪಕ್ಕ ಕೂತರೂ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಬುಸೈತೀನಿನ ಅವನ ಫ್ಲಾಟಿಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಇಲ್ಲದ ಬ್ರೇಕನ್ನು ನಾಲ್ಕೈದು ಸಲ ತುಳಿದೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ ಎಂದು ಬುದ್ಧಿಗೆ ಗೊತ್ತಿದ್ದರೂ ಕಾಲಿಗೆ ಗೊತ್ತಾಗಲು ಮೂರು ದಿನ ಬೇಕಾಯಿತು.

ಸದಾಶಿವ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಸಲ್ಮಾಬಾದಿನ ಒಂದು ದೊಡ್ಡ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಾರ್ಟ್ಸ್ ನೋಡಿಕೊಳ್ಳುವ ಕೆಲಸ. ಅದೂ ಇಂಗ್ಲಿಷ್ ಕಾರುಗಳ ಪಾರ್ಟ್ಸ್ ಮಾತ್ರ. ಯಾವ ವರ್ಷದ ಕಾರಿಗೆ ಯಾವ ಬೇರಿಂಗು, ಅದರ ನಂಬರೇನು, ಎಲ್ಲ ಬಾಯಿಪಾಠ. ಹೆಂಡತಿಯ ಹುಟ್ಟಿದ ದಿನ ಮಾತ್ರ ಮರೆಯುತ್ತಾನೆ ಎಂದು ಅವನ ಹೆಂಡತಿ ಶೋಭಾಳ ದೂರು.

ಅವರ ಫ್ಲಾಟಿನ ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಮುಂದುವರಿಸುವುದು ಅಲ್ಲಿಯವರಿಗೆ ರೂಢಿ. ಕೆಲಸ ಹೇಗೆ ನಡೀತಾ ಉಂಟು ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ವಿಮಾನ ಬಂತು, ಎರಡು ಸಲವೂ ಅವನು ಬೇರೆ ಮಾತು ತೆಗೆದ. ನಮ್ಮ ಮನೆಮಾತು ತುಳು. ಯಾವ ಭಾಷೆಯಲ್ಲಿ ತಪ್ಪಿಸಿಕೊಂಡರೂ ತಮ್ಮನ ಮುಖ ಅಕ್ಕನಿಗೆ ಗೊತ್ತಾಗುತ್ತದೆ.

ಸಲ್ಮಾಬಾದ್

ಸೋಮವಾರ ಸದಾಶಿವ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದ. ಹಟ ಮಾಡಿದವಳು ನಾನೇ. ಸಾಲು ಸಾಲು ಗ್ಯಾರೇಜುಗಳ, ಪೇಂಟಿನ ವಾಸನೆಯ, ಹಿಂದಿ ಮಲಯಾಳ ಬಂಗಾಳಿ ಎಲ್ಲ ಒಟ್ಟಿಗೇ ಕೇಳಿಸುವ ಜಾಗ ಅದು. ಅವನ ಗ್ಯಾರೇಜಿನಲ್ಲಿ ಮೂರು ಶೆಡ್ಡು. ಒಂದರಲ್ಲಿ ಜಪಾನಿನ ಕಾರುಗಳು, ಗಿಜಿಗಿಜಿ. ಇನ್ನೊಂದಕ್ಕೆ ಹೊಸ ಬಣ್ಣ ಹೊಡೆಯುತ್ತಿದ್ದರು. ಮೂರನೆಯದು ಇಂಗ್ಲಿಷ್ ಕಾರುಗಳದ್ದು. ಅಲ್ಲಿ ಮೂರೇ ಕಾರು. ಅದರಲ್ಲೊಂದು ಎತ್ತರದ ಬಿಳಿ ಕಾರು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಸಿದು, ಎದ್ದೇಳಲು ಒಪ್ಪದ ಎಮ್ಮೆಯ ಹಾಗೆ ಕೂತುಬಿಟ್ಟಿತ್ತು.

ಇಂಥ ಕಾರುಗಳಿಗೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿರುತ್ತವಂತೆ. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಕೆಟ್ಟರೆ ಕಾರು ಕೂರುತ್ತದೆ. ಹೊಸ ಕಂಪ್ರೆಸರ್‌ಗೆ ಆರ್ಡರ್ ಹಾಕಿ ಎರಡು ತಿಂಗಳ ಮೇಲಾಯಿತು ಎಂದ. ನನಗೆ ಆಶ್ಚರ್ಯ. ನಮ್ಮ ಕಾರ್ಕಳದಲ್ಲಿ ಬೆಳಿಗ್ಗೆ ಫೋನ್ ಮಾಡಿದರೆ ಮಂಗಳೂರಿನ ಅಂಗಡಿಯವರು ಸಾಮಾನನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತರೆ ಕೈಗೆ ಬರುತ್ತದೆ.

"ಇಂಗ್ಲೆಂಡಿನವರು ಯುರೋಪಿನ ಒಕ್ಕೂಟ ಬಿಟ್ರಲ್ಲ ಅಕ್ಕ, ಅಂದಿನಿಂದ ಹೀಗೇ," ಎಂದ.

ದೇಶ ದೇಶಗಳು ಒಕ್ಕೂಟ ಬಿಟ್ಟರೆ ಸಲ್ಮಾಬಾದಿನ ಕಾರು ಯಾಕೆ ಕೂರಬೇಕು ಎಂದು ಕೇಳಿದೆ. ಅವನು ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ ಒಂದೊಂದೇ ಪೆಟ್ಟಿಗೆ ತಿರುಗಿಸಿ ತೋರಿಸಿದ. ಒಂದರ ಮೇಲೆ ಜರ್ಮನಿ, ಒಂದರ ಮೇಲೆ ಹಂಗೇರಿ, ಒಂದರ ಮೇಲೆ ಸ್ಪೇನ್. ಇಂಗ್ಲಿಷ್ ಕಾರು ಅಂತ ಹೆಸರು, ಒಳಗಿರುವುದು ಹತ್ತೂರಿನ ಸಾಮಾನು. ಒಂದು ದೇಶದಲ್ಲಿ ಎರಕ ಹೊಯ್ದದ್ದನ್ನು ಇನ್ನೊಂದು ದೇಶದಲ್ಲಿ ಕಡೆದು, ಮತ್ತೆ ಕಡಲು ದಾಟಿಸಿ ಇಂಜಿನ್‌ಗೆ ಕೂರಿಸುತ್ತಿದ್ದರಂತೆ. ಒಕ್ಕೂಟದಲ್ಲಿದ್ದಾಗ ಯಾವ ಗಡಿಯಲ್ಲೂ ಯಾರೂ ಕೇಳುತ್ತಿರಲಿಲ್ಲ. ಈಗ ಪ್ರತಿ ಸಾಮಾನಿಗೂ ಅದು ಹುಟ್ಟಿದ ದೇಶದ ಕಾಗದ ಬೇಕು. ಕಾಗದ ಬರುವ ತನಕ ಲಾರಿ ನಿಲ್ಲಬೇಕು, ಲಾರಿ ಬರುವ ತನಕ ಕಾರ್ಖಾನೆ ಕಾಯಬೇಕು. ಕೆಲವು ಕಂಪನಿಗಳು ಹೊಸ ಮಾದರಿಗಳನ್ನು ಬೇರೆ ದೇಶದಲ್ಲಿ ಮಾಡಲು ಶುರು ಮಾಡಿದವು, ಕೆಲವು ಕಡೆ ಬಾಗಿಲೇ ಹಾಕಿದರು.

ನನಗೆ ನಮ್ಮ ಮಾವಂದಿರ ಅಕ್ಕಿ ಮಿಲ್ಲು ನೆನಪಾಯಿತು. ಪಾಲಾದಾಗ ಭತ್ತ ಬೇಯಿಸುವ ಹಂಡೆಗಳು, ಒಣಗಿಸುವ ಅಂಗಳ ದೊಡ್ಡ ಮಾವನಿಗೆ ಹೋದವು. ಅಕ್ಕಿ ಮಾಡುವ ಯಂತ್ರ ಚಿಕ್ಕ ಮಾವನಿಗೆ. ಮೊದಲು ಬೆಂದ ಭತ್ತ ಹೆಡಗೆಯಲ್ಲಿ ಹತ್ತು ಹೆಜ್ಜೆ ದಾಟಿದರೆ ಸಾಕಿತ್ತು. ಆಮೇಲೆ ನಡುವೆ ಬೇಲಿ ಬಂತು, ಬೇಲಿಗೆ ದಾಟಲು ತಡಮೆ ಬಂತು, ತಡಮೆಯ ಹತ್ತಿರ ಎಷ್ಟು ಹೆಡಗೆ ಎಂದು ಚೀಟಿ ಬರೆಯುವವನೊಬ್ಬ ಬಂದ. ಭತ್ತವೂ ಅದೇ, ಯಂತ್ರವೂ ಅದೇ, ಅಕ್ಕಿ ಮಾತ್ರ ತಡ. ಗಿರಾಕಿಗಳು ಬೇರೆ ಮಿಲ್ಲು ಹುಡುಕಿಕೊಂಡರು. ಮಾವಂದಿರಿಬ್ಬರೂ ಕೆಟ್ಟವರಾಗಿರಲಿಲ್ಲ, ಪಾಲು ಕೇಳಲು ಇಬ್ಬರಿಗೂ ಅವರವರ ಕಾರಣಗಳಿದ್ದವು. ಇಂಗ್ಲೆಂಡಿನವರಿಗೂ ಇದ್ದಿರಬಹುದು.

ಅಷ್ಟರಲ್ಲಿ ಗ್ಯಾರೇಜಿನ ಮಾಲೀಕರು ಬಂದರು. ಅಬು ಖಲೀಲ್ ಎಂದು ಎಲ್ಲರೂ ಕರೆಯುತ್ತಾರೆ. ಎಪ್ಪತ್ತರ ಹತ್ತಿರದ ಬಹರೈನಿ ಹಿರಿಯರು, ಇಸ್ತ್ರಿ ಮುರಿಯದ ಬಿಳಿ ನಿಲುವಂಗಿ, ಸಲೀಸಾದ ಹಿಂದಿ. ನನ್ನನ್ನು ಕೂರಿಸಿ ಚಾ ತರಿಸಿದರು. ನಾನು ಡ್ರೈವಿಂಗ್ ಕಲಿಸುವವಳೆಂದು ತಿಳಿದು, ಹಾಗಾದರೆ ನಮ್ಮ ಗ್ಯಾರೇಜಿಗೆ ಕೆಲಸ ಒದಗಿಸುವವರು ನಿಮ್ಮಂಥವರೇ ಎಂದು ತಮಾಷೆ ಮಾಡಿದರು. ಆಮೇಲೆ ತಮ್ಮನ ಕಡೆ ತಿರುಗಿದಾಗ ದನಿಯಲ್ಲಿ ತಮಾಷೆ ಇರಲಿಲ್ಲ. ಗುರುವಾರದೊಳಗೆ ಕಂಪ್ರೆಸರಿನ ಪೆಟ್ಟಿಗೆ ಬರದಿದ್ದರೆ ಈ ಶೆಡ್ಡಿನ ವಿಷಯ ತೀರ್ಮಾನ ಮಾಡುತ್ತೇನೆ ಎಂದರು. ಬಣ್ಣ ಹೊಡೆಯುತ್ತಿದ್ದ ಶೆಡ್ಡು ಚೀನಾದ ಕಾರುಗಳಿಗಂತೆ. ಆ ಕಾರಿನ ಕಂಪನಿಯವರಿಗೆ ಇನ್ನೂ ಜಾಗ ಬೇಕಂತೆ. ಶೆಡ್ಡು ಹೋದರೆ ತಮ್ಮನ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದ್ಲಿಯಾ

ಶೋಭಾ ಅದ್ಲಿಯಾದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಮರುದಿನ ಅವಳ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಪಕ್ಕದ ಚಾ ಅಂಗಡಿಗೆ ಕರೆದಳು. ಅಲ್ಲಿ ಜನ ಕಾರಿನಿಂದ ಇಳಿಯುವುದೇ ಇಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಒಂದು ಸಲ ಹಾರ್ನ್ ಹೊಡೆದರೆ ಅಂಗಡಿಯವನು ಓಡಿ ಬಂದು ಚಾ ಕೊಡುತ್ತಾನೆ. ಹಾರ್ನ್ ಕೇಳಿದಾಗಲೆಲ್ಲ ನಾನು ಬೆಚ್ಚಿ ಬದಿಗೆ ಸರಿಯುತ್ತಿದ್ದೆ. ನಮ್ಮಲ್ಲಿ ಹಾರ್ನ್ ಎಂದರೆ ಬೈಗುಳ, ಅಲ್ಲಿ ಅದು ಒಂದು ಚಾ, ಸಕ್ಕರೆ ಕಮ್ಮಿ.

ಶೋಭಾ ಚಾ ಕುಡಿಯದೆ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದಳು. ಒಗೆಯಲು ಹಾಕಿದ ಅಂಗಿಯ ಕಿಸೆಯಲ್ಲಿ ಸಿಕ್ಕಿದ ಕಾಗದ. ಸುಂಕದ ಕಚೇರಿಯಿಂದ ಬಂದದ್ದು. ಕಂಪ್ರೆಸರಿನ ಪೆಟ್ಟಿಗೆ ಬಹರೈನಿಗೆ ಬಂದು ಮೂರು ವಾರ ಆಗಿತ್ತು. ಪೆಟ್ಟಿಗೆಯ ಮೇಲೆ ಜರ್ಮನಿ ಎಂದಿದೆ, ಕಾಗದದಲ್ಲಿ ಇಂಗ್ಲೆಂಡ್ ಎಂದಿದೆ, ಗ್ಯಾರೇಜಿನ ಮಾಲೀಕರ ಮೊಹರಿರುವ ತಿದ್ದುಪಡಿ ಪತ್ರ ತಂದು ಬಿಡಿಸಿಕೊಳ್ಳಿ ಎಂದು ಬರೆದಿದ್ದರು. ಇಂಗ್ಲೆಂಡ್ ಎಂದು ಬರೆದವನು ಸದಾಶಿವ.

"ನನ್ನ ಹತ್ರ ಸಹ ಹೇಳ್ಲಿಲ್ಲ ಅಕ್ಕ. ಎಲ್ಲರ ಹತ್ರ ಇಂಗ್ಲೆಂಡಿನವರದ್ದೇ ತಡ ಅಂತ ಹೇಳ್ತಾ ಇದ್ದಾರೆ. ಮೊಹರು ಕೇಳ್ಲಿಕ್ಕೆ ಹೋದ್ರೆ ತಪ್ಪು ಹೇಳ್ಬೇಕಾಗ್ತದಲ್ಲ. ನೀವು ಹೇಳಿದ್ರೆ ಕೇಳ್ತಾರೆ," ಎಂದಳು.

ಅವಳೇ ಹಿಂದಿನ ಕಥೆಯನ್ನೂ ಹೇಳಿದಳು. ಇಂಗ್ಲೆಂಡಿನ ಗೋದಾಮಿನಲ್ಲಿ ಮಾರ್ಗರೆಟ್ ಎಂಬ ಹೆಂಗಸೊಬ್ಬರಿದ್ದರಂತೆ. ಹದಿನೈದು ವರ್ಷ ಸದಾಶಿವನ ಆರ್ಡರುಗಳನ್ನು ಕಳಿಸಿದವರು ಅವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಕ್ರಿಸ್‌ಮಸ್ ಸಮಯದಲ್ಲಿ ಗ್ಯಾಸ್ಕೆಟ್ಟುಗಳ ನಡುವೆ ಒಂದು ಶುಭಾಶಯದ ಕಾರ್ಡು ಇರುತ್ತಿತ್ತು. ಆರ್ಡರ್ ಹಾಳೆಯಲ್ಲಿ ತಯಾರಾದ ದೇಶ ಎಂಬ ಕಲಮಿನಲ್ಲಿ ಸದಾಶಿವ ಮೊದಲಿನಿಂದಲೂ ಕಣ್ಣು ಮುಚ್ಚಿ ಇಂಗ್ಲೆಂಡ್ ಎಂದು ಬರೆಯುತ್ತಿದ್ದ. ಮೊದಲೆಲ್ಲ ಒಕ್ಕೂಟದ ಹೆಸರಿನ ಒಂದೇ ಕಾಗದದಲ್ಲಿ ಎಲ್ಲ ನಡೆಯುತ್ತಿತ್ತು. ಒಕ್ಕೂಟ ಬಿಟ್ಟ ಮೇಲೆ ಮಾರ್ಗರೆಟ್ ಅವನ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿ ಕಳಿಸುತ್ತಿದ್ದರು. ಗೋದಾಮಿನ ವ್ಯಾಪಾರ ಇಳಿದು, ಅರ್ಧ ಜನರನ್ನು ಕೆಲಸದಿಂದ ಕಳಿಸಿದಾಗ ಅವರೂ ಹೋದರು. ಈಗ ಆ ಜಾಗದಲ್ಲಿ ಇರುವವರು ಬರೆದದ್ದನ್ನು ಬರೆದ ಹಾಗೇ ಮುದ್ರಿಸುತ್ತಾರೆ. ಇಪ್ಪತ್ತೆರಡು ವರ್ಷದ ಚಾಳಿ ಹೀಗೆ ಒಂದು ದಿನ ಸಿಕ್ಕಿಬಿತ್ತು.

ತಮ್ಮನ ಮೇಲೆ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕನಿಕರ ಬಂತು. ಕಾಣದ ಊರಿನ ಒಬ್ಬ ಹೆಂಗಸು ತನ್ನ ಮರ್ಯಾದೆ ಕಾಯುತ್ತಿದ್ದಳೆಂದು ಅವನಿಗೆ ಗೊತ್ತಾದದ್ದು ಅವಳು ಹೋದ ಮೇಲೆ.

ಹಮದ್ ಟೌನ್

ಬುಧವಾರ ಸಂಜೆ ಹಮದ್ ಟೌನಿಗೆ ಹೋದೆವು. ಕೂತುಬಿಟ್ಟ ಬಿಳಿ ಕಾರಿನ ಒಡತಿ ಉಮ್ ನಾಸರ್ ಅಲ್ಲಿರುವುದು. ಸದಾಶಿವ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತಿದ್ದ. ಗಿರಾಕಿಯ ಕಾರು ತಡವಾದರೆ ಫೋನಿನಲ್ಲಿ ಹೇಳಿ ಮುಗಿಸಬಾರದು, ಮನೆ ಬಾಗಿಲಿಗೆ ಹೋಗಿ ಮುಖ ತೋರಿಸಬೇಕು ಎಂಬುದು ಅಬು ಖಲೀಲರ ಕಟ್ಟಪ್ಪಣೆ. ಡ್ರೈವಿಂಗ್ ಕಲಿಸುವ ಅಕ್ಕ ಬಂದಿದ್ದಾಳೆಂದು ಕೇಳಿ, ಅವಳನ್ನೂ ಕರೆದುಕೊಂಡು ಬಾ ಎಂದು ಉಮ್ ನಾಸರರೇ ಹೇಳಿದ್ದರು.

ಆ ಊರಿನಲ್ಲಿ ವಿಳಾಸ ಹೇಳುವುದೇ ವೃತ್ತಗಳ ಲೆಕ್ಕದಲ್ಲಿ. ದವ್ವಾರ್ ಒಂದು, ದವ್ವಾರ್ ಎರಡು ಎಂದು ಉದ್ದಕ್ಕೂ ಹೋಗುತ್ತದೆ. ನಮ್ಮ ಕಾರ್ಕಳದ ಕಲಿಯುವವರನ್ನು ಅಲ್ಲಿ ಬಿಟ್ಟರೆ ಮೂರನೇ ವೃತ್ತದಲ್ಲೇ ಸುತ್ತುತ್ತಾ ಇರುತ್ತಾರೆ ಎಂದು ನಾನು ನಗಾಡಿದೆ. ಸದಾಶಿವ ನಗಲಿಲ್ಲ. ಬರುವಾಗ ಶೋಭಾ ತೋರಿಸಿದ ಕಾಗದದ ವಿಷಯ ನಾನು ಅವನಿಗೆ ಹೇಳಿದ್ದೆ. ನಾಳೆ ಹೋಗಿ ಮಾಲೀಕರ ಹತ್ತಿರ ಹೇಳಿಬಿಡು ಎಂದಿದ್ದೆ. ಹೇಳಿದರೆ ನಾಳೆಯೇ ಮನೆಗೆ ಕಳಿಸ್ತಾರೆ ಎಂದು ಅವನು, ಹೇಳದಿದ್ದರೂ ಕಳಿಸ್ತಾರಲ್ಲ ಎಂದು ನಾನು. ಸ್ಟೇರಿಂಗ್ ಹಿಡಿದವನ ಜೊತೆ ಜಗಳವಾಡಬಾರದೆಂದು ಕಲಿಸುವವಳೇ ನಾನು.

ಉಮ್ ನಾಸರ್ ನಿವೃತ್ತ ಶಾಲಾ ಶಿಕ್ಷಕಿ. ನನ್ನ ಕೈ ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ವೇಗದ್ದು, ಸಲೀಸಾಗಿ ಮಾತಾಡಿದೆವು. ಮರಳುಗಾಡಿನ ಬಯಲಿನಲ್ಲಿ ಗಂಡನೇ ಅವರಿಗೆ ಡ್ರೈವಿಂಗ್ ಕಲಿಸಿದ್ದಂತೆ. ಗುದ್ದಲು ಒಂದು ಮರವಾದರೂ ಇರಲಿಲ್ಲ, ಅದಕ್ಕೇ ಬೇಗ ಕಲಿತೆ ಎಂದರು. ಆ ಬಿಳಿ ಕಾರು ಗಂಡ ತೆಗೆದುಕೊಂಡದ್ದು. ಅವರು ತೀರಿಕೊಂಡ ಮೇಲೆ ಮಕ್ಕಳು ಮಾರು ಎಂದರೂ ಮಾರಿಲ್ಲ. ಪ್ರತಿ ತಿಂಗಳು ಸೇತುವೆ ದಾಟಿ ಸೌದಿಯಲ್ಲಿರುವ ತಂಗಿಯ ಮನೆಗೆ ಅದರಲ್ಲೇ ಹೋಗುತ್ತಿದ್ದರು. ತಂಗಿಗೆ ಹುಷಾರಿಲ್ಲ. ಮಗನ ಕಾರಿನಲ್ಲಿ ಹೋಗಬಹುದು, ಆದರೆ ಮಗನಿಗೆ ಪುರುಸೊತ್ತಾದಾಗ ಹೋಗಿ ಪುರುಸೊತ್ತು ಮುಗಿದಾಗ ಬರಬೇಕು. ತನ್ನದೇ ಕಾರಿದ್ದರೆ ತಂಗಿ ಸಾಕು ಎನ್ನುವ ತನಕ ಕೂರಬಹುದು ಎಂದರು. ಇದನ್ನೇ ನನ್ನ ಸ್ಕೂಲಿಗೆ ಬರುವ ಹೆಂಗಸರೂ ಹೇಳುತ್ತಾರೆ.

ಸದಾಶಿವನಿಗೆ ಅವರು ಒಂದು ಮಾತೂ ಕಠಿಣವಾಗಿ ಹೇಳಲಿಲ್ಲ. ಖರ್ಜೂರದ ತಟ್ಟೆಯನ್ನು ಅವನ ಕಡೆ ಸರಿಸಿ ನನ್ನ ಹತ್ತಿರ ಹೇಳಿದರು: "ನಿಮ್ಮ ತಮ್ಮ ಮಿಸ್ಕೀನ್. ದೊಡ್ಡ ದೇಶಗಳು ಜಗಳವಾಡಿ ಬೇರೆಯಾದರೆ ಬೈಗುಳ ತಿನ್ನುವವನು ಇವನು. ನಾನು ಭೂಗೋಳ ಕಲಿಸಿದವಳು, ನನಗೆ ಅರ್ಥವಾಗುತ್ತದೆ. ಇವನ ತಪ್ಪೇನೂ ಇಲ್ಲ."

ಮಿಸ್ಕೀನ್ ಎಂದರೆ ಪಾಪದವನು. ಸದಾಶಿವ ಖರ್ಜೂರವನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೂತ. ಅದು ಅಂಗೈಯಲ್ಲಿ ಹಿಸುಕಿ ಹೋಗಿತ್ತು.

ವಾಪಸು ಬರುವಾಗ ಒಂದು ವೃತ್ತವನ್ನು ಮೂರು ಸಲ ಸುತ್ತಿದ. ದಾರಿ ಇಪ್ಪತ್ತೆರಡು ವರ್ಷದಿಂದ ಗೊತ್ತಿರುವವನು. ಮೂರನೇ ಸುತ್ತಿನಲ್ಲಿ ಅವನೇ ಹೇಳಿದ.

"ಬೈದಿದ್ರೆ ತಡ್ಕೊಳ್ತಿದ್ದೆ ಅಕ್ಕ. ನಾಳೆ ಹೇಳ್ತೇನೆ. ನೀನು ಸಹ ಬಾ."

ಗುರುವಾರ, ಮತ್ತೆ ಭಾನುವಾರ

ಅಬು ಖಲೀಲರ ಕೋಣೆಯಲ್ಲಿ ಅವನು ಕೂರಲಿಲ್ಲ. ಕಿಸೆಯಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟು, ದೇಶದ ಕಲಮಿನಲ್ಲಿ ತಪ್ಪು ಬರೆದವನು ತಾನು, ಮೂರು ವಾರದಿಂದ ಸುಳ್ಳು ಹೇಳಿದವನೂ ತಾನು ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

ಅಬು ಖಲೀಲರು ಕಾಗದ ಓದಲೇ ಇಲ್ಲ. ಡ್ರಾಯರಿನಿಂದ ಮೊಹರು ತೆಗೆದರು. ತಿದ್ದುಪಡಿ ಪತ್ರ ಆಗಲೇ ಟೈಪಾಗಿ ಅವರ ಮೇಜಿನ ಮೇಲಿತ್ತು.

"ಭಾನುವಾರವೇ ಸುಂಕದ ಕಚೇರಿಯ ಕೆಲಸ ನೋಡುವ ಏಜೆಂಟ್ ನನಗೆ ಫೋನ್ ಮಾಡಿದ್ದ," ಎಂದರು. "ಗುರುವಾರದ ತನಕ ನಿನಗೆ ಬಿಟ್ಟೆ. ತಪ್ಪು ಬರೆದದ್ದು ದೊಡ್ಡದಲ್ಲ ಸದಾ, ಯಾರ ಕೈಯಾದರೂ ತಪ್ಪುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನೀನು ನನಗೆ ಸುಳ್ಳು ಹೇಳಿರಲಿಲ್ಲ. ಅದು ನೋಯಿಸಿತು."

ಸದಾಶಿವನ ಕಣ್ಣು ತುಂಬಿತು. ನನ್ನದೂ ತುಂಬಿತು, ಅದನ್ನೇನು ಮುಚ್ಚಿಡುವುದು. ಕೆಲಸ ಉಳಿಯಿತು ಎಂದುಕೊಂಡೆ. ಆದರೆ ಅವರ ಮಾತು ಮುಗಿದಿರಲಿಲ್ಲ. ಶೆಡ್ಡನ್ನು ಚೀನಾದ ಕಾರಿನವರಿಗೆ ಕೊಡುವುದೆಂದು ಹೋದ ತಿಂಗಳೇ ಮಾತಾಗಿತ್ತಂತೆ. ಈ ಪೆಟ್ಟಿಗೆ ಬಂದಿದ್ದರೂ ಬಾರದಿದ್ದರೂ ಇಂಗ್ಲಿಷ್ ಕಾರಿನ ಗಿರಾಕಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಎರಡು ತಿಂಗಳು ಕಾಯುವವರು ಉಮ್ ನಾಸರರಂಥವರು ಎಷ್ಟು ಜನ ಎಂದರು. ಚೀನಾದವರು ತಮ್ಮದೇ ಪಾರ್ಟ್ಸ್ ಜನರನ್ನು ಕಳಿಸುತ್ತಾರೆ. ಜಪಾನಿನ ಶೆಡ್ಡಿನಲ್ಲಿ ಜಾಗವಿಲ್ಲ.

"ಹೊಸ ಆರ್ಡರ್ ಇನ್ನು ಬೇಡ. ಕಪಾಟಿನಲ್ಲಿ ಇರುವ ಪಾರ್ಟ್ಸ್ ಮುಗಿಯುವ ತನಕ ನೀನು ಇರು. ಅಷ್ಟು ನನ್ನ ಕೈಯಲ್ಲಿದೆ."

ಕಲ್ಲು ಮನಸ್ಸಿನ ಮನುಷ್ಯ ಎಂದು ಬೈದುಕೊಳ್ಳಲು ನೋಡಿದೆ, ಆಗಲಿಲ್ಲ. ಅದನ್ನು ಹೇಳುವಾಗ ಅವರು ಮೊಹರನ್ನು ಎರಡು ಸಲ ಖಾಲಿ ಮೇಜಿಗೆ ಒತ್ತಿದ್ದರು.

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಬಂತು. ನನ್ನ ವಿಮಾನ ಸಂಜೆಗೆ. ಮೆಕ್ಯಾನಿಕ್ಕುಗಳು ಹೊಸ ಕಂಪ್ರೆಸರನ್ನು ಕೂರಿಸಿ ಇಂಜಿನ್ ಚಾಲೂ ಮಾಡಿದರು. ಬುಸ್ ಎಂದು ಒಂದು ಉಸಿರು ಬಿಟ್ಟು ಬಿಳಿ ಕಾರು ಮೊದಲು ಹಿಂಗಾಲಲ್ಲಿ, ಆಮೇಲೆ ಮುಂಗಾಲಲ್ಲಿ ಮೆಲ್ಲಗೆ ಎದ್ದು ನಿಂತಿತು. ಕಾರು ಒಯ್ಯಲು ಬಂದಿದ್ದ ಉಮ್ ನಾಸರ್ ಚಪ್ಪಾಳೆ ತಟ್ಟಿದರು. ಸದಾಶಿವ ಅವರಿಗೂ ತನ್ನ ತಪ್ಪು ಹೇಳಿದ. ಅವರು, ತಂಗಿಯ ಮನೆಗೆ ಮೂರು ವಾರ ಮೊದಲೇ ಹೋಗಬಹುದಿತ್ತು ಎಂದರು, ಅಷ್ಟೇ. ಆಮೇಲೆ ಕಿಟಕಿ ಇಳಿಸಿ ನನಗೆ ಕೈ ಬೀಸಿ ಹೋದರು. ಕನ್ನಡಿ ನೋಡಿ, ಸಿಗ್ನಲ್ ಹಾಕಿ, ನಿಧಾನವಾಗಿ. ನನ್ನ ಸ್ಕೂಲಿನವರಾಗಿದ್ದರೆ ಒಂದೇ ಸಲಕ್ಕೆ ಪಾಸು ಮಾಡುತ್ತಿದ್ದೆ.

ಸದಾಶಿವ ಪಾರ್ಟ್ಸ್ ಕೋಣೆಗೆ ಬಂದು ಕೌಂಟರಿನ ಹಿಂದೆ ನಿಂತ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಕಪಾಟುಗಳನ್ನು ನೋಡಿದೆ. ಅವತ್ತು ಅಷ್ಟೊಂದು ಅನ್ನಿಸಿದ್ದ ಪೆಟ್ಟಿಗೆಗಳು ಈಗ ಬಹಳ ಕಮ್ಮಿ ಅನ್ನಿಸಿದವು. ಅಷ್ಟರಲ್ಲಿ ಒಬ್ಬ ಪಾಕಿಸ್ತಾನಿ ಚಾಲಕ ಬಂದು ಸಲಾಂ ಹೇಳಿ, ತನ್ನ ಯಜಮಾನರ ಇಂಗ್ಲಿಷ್ ಕಾರಿಗೆ ಮುಂದಿನ ಬ್ರೇಕ್ ಪ್ಯಾಡ್ ಸಿಗುತ್ತದಾ ಎಂದು ಕೇಳಿದ.

ನಾನು ಯೋಚಿಸಲೇ ಇಲ್ಲ. ನಾಲ್ಕು ದಿನದ ಹಿಂದೆ ಸತ್ಯ ಹೇಳು ಎಂದು ಇದೇ ತಮ್ಮನಿಗೆ ಪಾಠ ಮಾಡಿದ ಇದೇ ಬಾಯಲ್ಲಿ, ಮೆಲ್ಲಗೆ ತುಳುವಿನಲ್ಲಿ, "ಇಲ್ಲ ಅಂತ ಹೇಳು," ಎಂದೆ.

ಸದಾಶಿವ ನನ್ನ ಕಡೆ ನೋಡಿದ. ಆಮೇಲೆ ಏಣಿ ಎಳೆದು, ಮೇಲಿನ ಸಾಲಿಗೆ ಹತ್ತಿ, ಪೆಟ್ಟಿಗೆಯೊಂದನ್ನು ತೆಗೆದು, ಅಂಗಿಯ ತೋಳಿನಿಂದ ಧೂಳು ಒರೆಸಿ ಚಾಲಕನ ಕೈಗೆ ಕೊಟ್ಟ. ಅವನು ಹೋದ ಮೇಲೆ, ಅದು ಕೊನೆಯದ್ದಾ ಎಂದು ಕೇಳಿದೆ.

"ಅಲ್ಲ ಅಕ್ಕ," ಎಂದ ಏಣಿಯನ್ನು ಗೋಡೆಗೆ ಒರಗಿಸುತ್ತಾ. "ಇನ್ನೆರಡು ಉಂಟು."